ಜಗಳಕ್ಕೆ ಮೊದಲೇ ಬರೆಯಬೇಕಾದ ಕಾಗದ

ಮದುವೆಯಾದ ಮೇಲೆ ಗಂಡ ಹೆಂಡತಿ ಆಸ್ತಿಯ ಬಗ್ಗೆ ಮಾಡಿಕೊಳ್ಳುವ ಕರಾರಿನ ಕುರಿತು, ವಕೀಲಳಾಗಿ ನಾನು ಶಿರಸಿಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತುಗಳಿವು. ಅಂದು ಬಂದಿದ್ದ ಕೆಲವರು ಬರೆದು ಕೊಡಿ ಎಂದರು. ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದೆ ನನ್ನ ಆಫೀಸಿಗೆ ಒಬ್ಬ ಹೆಂಗಸು ಬಂದರು. ಐವತ್ತರ ಹತ್ತಿರದ ವಯಸ್ಸು. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಅದರೊಳಗೆ ನಾಲ್ಕು ಮಡಿಕೆಯ ಸ್ಟಾಂಪ್ ಪೇಪರು. ಹನ್ನೊಂದು ವರ್ಷ ಅದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟು ಕಾಪಾಡಿಕೊಂಡಿದ್ದರು. ಅದು ಅವರ ಯಜಮಾನರು ಬರೆದುಕೊಟ್ಟ ಕಾಗದ. ಮೊದಲ ಸಾಲು ನನಗೆ ಇನ್ನೂ ನೆನಪಿದೆ. ‘ನಮ್ಮಿಬ್ಬರ ನಡುವೆ ಬಹಳ ದಿನಗಳಿಂದ ಜಗಳ, ಮನಸ್ತಾಪ ನಡೆಯುತ್ತಾ ಬಂದಿದ್ದು...’ ಹೀಗೆ ಶುರುವಾಗಿ, ಇನ್ನು ಜಗಳ ಬೇಡ ಎಂದು ನಾವು ಇರುವ ಮನೆಯನ್ನು ಹೆಂಡತಿಗೆ ಕೊಡಲು ಒಪ್ಪಿದ್ದೇನೆ ಎಂದು ಮುಗಿಯುತ್ತಿತ್ತು. ಸಹಿ ಇತ್ತು. ನೋಟರಿಯ ಸೀಲು ಇತ್ತು.

ಈಗ ಆ ಮನೆ ಮಾರಲು ಯಜಮಾನರು ಅಡ್ವಾನ್ಸ್ ತೆಗೆದುಕೊಂಡಿದ್ದರು. ಆಕೆ ಕೇಳಿದ್ದು ಒಂದೇ ಮಾತು. “ಮೇಡಂ, ಮನೆ ನನ್ನದೇ ಅಲ್ವಾ?”

ಅಲ್ಲ ಎಂದು ಹೇಳಬೇಕಾಯಿತು. ಹೇಳುವಾಗ ನನಗೂ ಕಷ್ಟವಾಯಿತು. ಆಕೆಗೆ ಆ ಮನೆಯಲ್ಲಿ ವಾಸ ಮಾಡುವ ಹಕ್ಕು ಇತ್ತು. ಅದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಿಂದ ಬಂದದ್ದು. ಹೊರಗೆ ಹಾಕದಂತೆ ಕೋರ್ಟಿಗೆ ಹೋದೆವು. ಆದರೆ ವಾಸದ ಹಕ್ಕು ಬೇರೆ, ಮಾಲೀಕತ್ವ ಬೇರೆ. ಹನ್ನೊಂದು ವರ್ಷ ಕಾಪಾಡಿದ ಕಾಗದ ಮಾಲೀಕತ್ವ ಕೊಟ್ಟಿರಲಿಲ್ಲ.

ಯಾಕೆ ಕೊಡಲಿಲ್ಲ? ಇವತ್ತು ನಾನು ಮಾತಾಡಲು ಬಂದದ್ದು ಅದರ ಬಗ್ಗೆಯೇ. ಮದುವೆಯಾದ ಮೇಲೆ ಗಂಡ ಹೆಂಡತಿ ಆಸ್ತಿ ವಿಷಯದಲ್ಲಿ ಮಾಡಿಕೊಳ್ಳುವ ಕರಾರು.

ಮೊದಲು ಬುಡದಿಂದ ಬರೋಣ. ಮದುವೆಯಾದರೆ ಇಬ್ಬರ ಆಸ್ತಿ ಒಂದಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಮನೆಯಲ್ಲಿ ನಾವು ‘ನಮ್ಮದು’ ಎಂದೇ ಮಾತಾಡುತ್ತೇವೆ. ನಮ್ಮ ಮನೆ, ನಮ್ಮ ಸೈಟು, ನಮ್ಮ ತೋಟ. ಕಾನೂನಿನಲ್ಲಿ ಆ ‘ನಮ್ಮದು’ ಇಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಅವರದು. ಸಂಬಳ ಯಾರದೋ ಅವರದು. ಮೂವತ್ತು ವರ್ಷ ಅಡುಗೆ ಮಾಡಿ, ಮಕ್ಕಳನ್ನು ಸಾಕಿ, ಕೊಟ್ಟಿಗೆ ನೋಡಿ, ಅತ್ತೆ ಮಾವನ ಔಷಧಿ ನೋಡಿದವರ ಹೆಸರು ಪಹಣಿಯಲ್ಲಿ ತಾನಾಗಿಯೇ ಬರುವುದಿಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟು ಒಂದು ಒಳ್ಳೆಯ ತೀರ್ಪು ಕೊಟ್ಟಿತು. ಗಂಡ ಸೌದಿಯಲ್ಲಿ ದುಡಿದು ಹಣ ಕಳಿಸಿದ್ದ, ಹೆಂಡತಿ ಊರಲ್ಲಿ ಸಂಸಾರ ನಡೆಸಿದ್ದಳು. ಅವಳು ಮನೆ ನೋಡಿಕೊಂಡಿದ್ದರಿಂದಲೇ ಅವನಿಗೆ ದುಡಿಯಲು ಆಯಿತು, ಆದ್ದರಿಂದ ಅವಳಿಗೂ ಸಮಪಾಲು ಎಂದಿತು ಕೋರ್ಟು. ಓದಿ ನನಗೆ ತುಂಬ ಖುಷಿಯಾಯಿತು. ಆದರೆ ಅದು ಒಂದು ಹೈಕೋರ್ಟಿನ ಒಂದು ತೀರ್ಪು. ಅದನ್ನು ನೆಚ್ಚಿಕೊಂಡು ಸುಮ್ನೆ ಕೂರುವ ಹಾಗಿಲ್ಲ. ಕಾನೂನು ಕೊಡದ ‘ನಮ್ಮದು’ ಬೇಕಾದರೆ ಗಂಡ ಹೆಂಡತಿಯೇ ಅದನ್ನು ಬರೆದುಕೊಳ್ಳಬೇಕು.

ಆದರೆ ಹೇಗೆ ಬರೆಯಬೇಕು, ಯಾವಾಗ ಬರೆಯಬೇಕು? ಇಲ್ಲಿ 1900ರ ಒಂದು ಹಳೆಯ ಕೇಸು ಹೇಳಲೇಬೇಕು. ಲಾ ಓದಿದವರಿಗೆಲ್ಲ ಇದು ಗೊತ್ತು. ಓದದವರಿಗೇ ಇದರ ಅಗತ್ಯ ಜಾಸ್ತಿ.

ಕಲ್ಕತ್ತಾದ ಕೇಸು. ರಾಜಲಖಿ ದೇವಿ ಮತ್ತು ಅವಳ ಗಂಡ ಭೂತನಾಥ ಮುಖರ್ಜಿ. ಇಬ್ಬರಿಗೂ ಸರಿಹೋಗಲಿಲ್ಲ. ಬೇರೆ ಇರುವುದು ಎಂದಾಯಿತು. ಅವಳ ವಾಸಕ್ಕೆ, ಊಟ ಬಟ್ಟೆಗೆ ಹಣ ಕೊಡುತ್ತೇನೆಂದು ಗಂಡ ಕರಾರು ಬರೆದುಕೊಟ್ಟ. ಬರೀ ಸ್ಟಾಂಪ್ ಪೇಪರಲ್ಲ, ರಿಜಿಸ್ಟರ್ ಆದ ಕರಾರು. ಆಮೇಲೆ ಹಣ ಕೊಡಲಿಲ್ಲ. ಅವಳು ಕೋರ್ಟಿಗೆ ಹೋದಳು. ಸೋತಳು.

ಸೋತದ್ದು ಯಾಕೆ ಗೊತ್ತೇ? 1872ರ ಕರಾರು ಕಾಯ್ದೆಯ 25ನೇ ಸೆಕ್ಷನ್. ಪ್ರತಿಫಲ ಇಲ್ಲದ ಕರಾರು ನಿಲ್ಲುವುದಿಲ್ಲ ಎನ್ನುವುದು ಸಾಮಾನ್ಯ ನಿಯಮ. ನಾನು ನಿಮಗೆ ಏನೋ ಕೊಡುತ್ತೇನೆ ಎಂದರೆ ನೀವೂ ನನಗೆ ಏನಾದರೂ ಕೊಡಬೇಕು. ಅದಕ್ಕೆ ಒಂದು ವಿನಾಯಿತಿ ಇದೆ. ಹತ್ತಿರದ ಸಂಬಂಧಿಗಳು, ಸಹಜವಾದ ಪ್ರೀತಿ ವಾತ್ಸಲ್ಯದಿಂದ, ಬರವಣಿಗೆಯಲ್ಲಿ, ರಿಜಿಸ್ಟರ್ ಮಾಡಿ ಕೊಟ್ಟ ಮಾತು ಪ್ರತಿಫಲ ಇಲ್ಲದಿದ್ದರೂ ನಿಲ್ಲುತ್ತದೆ. ರಾಜಲಖಿಯ ಕಾಗದದಲ್ಲಿ ಬರವಣಿಗೆ ಇತ್ತು. ರಿಜಿಸ್ಟ್ರಿ ಇತ್ತು. ಗಂಡ ಹೆಂಡತಿಗಿಂತ ಹತ್ತಿರದ ಸಂಬಂಧ ಇನ್ನೇನಿದೆ? ಅದೂ ಇತ್ತು. ಪ್ರೀತಿ ಇತ್ತೇ ಎಂದು ಕೋರ್ಟು ನೋಡಿತು. ಆ ಕರಾರಿನಲ್ಲೇ ಇಬ್ಬರ ಜಗಳ, ವೈಮನಸ್ಸಿನ ಪ್ರಸ್ತಾಪ ಇತ್ತು. ಇಷ್ಟು ಜಗಳ ಇರುವಲ್ಲಿ ಪ್ರೀತಿಯಿಂದ ಕೊಟ್ಟದ್ದು ಎಂದು ಹೇಗೆ ಹೇಳುವುದು ಎಂದಿತು ಕೋರ್ಟು. ಕರಾರು ಬಿದ್ದುಹೋಯಿತು.

ನನ್ನ ಆಫೀಸಿಗೆ ಬಂದ ಹೆಂಗಸಿನ ಕಾಗದದ ಮೊದಲ ಸಾಲು ನೆನಪು ಮಾಡಿಕೊಳ್ಳಿ. ಆಕೆಯದಂತೂ ರಿಜಿಸ್ಟರ್ ಕೂಡ ಆಗಿರಲಿಲ್ಲ. ಆದರೆ ಆಗಿದ್ದರೂ ಆ ಮೊದಲ ಸಾಲೇ ಸಾಕಿತ್ತು ತೊಂದರೆ ಕೊಡಲು. ನಮ್ಮ ಕಡೆ ಬಾಂಡ್ ಬರೆಯುವವರಿಗೆ ಇದೊಂದು ರೂಢಿ. ಹಿನ್ನೆಲೆ ಹೇಳಬೇಕು ಎಂದು ಜಗಳದ ಕಥೆಯನ್ನೆಲ್ಲ ಮೇಲೆ ಬರೆಯುತ್ತಾರೆ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಜಗಳ ನಡೆದ ಮೇಲೆ ಬರೆದದ್ದೆಲ್ಲ ಬಿದ್ದುಹೋಗುತ್ತದೆ ಎಂದಲ್ಲ. 1899ರಲ್ಲಿ ಬಾಂಬೆಯಲ್ಲಿ ಅಣ್ಣತಮ್ಮಂದಿರ ಕೇಸೊಂದಿತ್ತು. ಒಬ್ಬ ಆಸ್ತಿಗಾಗಿ ದಾವೆ ಹಾಕಿ ಸೋತಿದ್ದ. ಗೆದ್ದವನು ಆಮೇಲೆ ತಾನಾಗಿಯೇ ಅರ್ಧ ಬರೆದುಕೊಟ್ಟ. ಅದು ನಿಂತಿತು. ಮುರಿದ ಸಂಬಂಧ ಕೂಡಿಸಲು ಕೊಟ್ಟದ್ದರಲ್ಲಿ ಪ್ರೀತಿ ಇದೆ ಎಂದಿತು ಕೋರ್ಟು. ಬೇರೆಯಾಗಲು ಕೊಟ್ಟದ್ದಕ್ಕೂ ಕೂಡಲು ಕೊಟ್ಟದ್ದಕ್ಕೂ ಆ ಕಾಲದ ನ್ಯಾಯಾಧೀಶರು ವ್ಯತ್ಯಾಸ ಕಂಡರು.

ಇನ್ನೊಂದು ದಾರಿ ಇದೆ, ಅದನ್ನು ನಾನು ಹೆಚ್ಚು ನಂಬುತ್ತೇನೆ. ಪ್ರತಿಫಲವನ್ನೇ ಬರೆಯುವುದು. ಪ್ರತಿಫಲ ಇದ್ದರೆ ಪ್ರೀತಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಗೋಜೇ ಇಲ್ಲ. ಸೈಟು ತೆಗೆಯುವಾಗ ಹೆಂಡತಿ ತನ್ನ ಅವಲಕ್ಕಿ ಸರ, ಬಳೆ ಮಾರಿ ಹಣ ಕೊಟ್ಟಿರುತ್ತಾಳೆ. ತವರಿನಿಂದ ಬಂದ ಹಣ ಹಾಕಿರುತ್ತಾಳೆ. ಇಂಥದ್ದು ಯಾವ ಊರಲ್ಲಿ ನಡೆದಿಲ್ಲ ಹೇಳಿ? ಆದರೆ ಎಲ್ಲಿಯೂ ಬರೆದಿರುವುದಿಲ್ಲ. ‘ಈ ಸೈಟಿನ ಕ್ರಯಕ್ಕೆ ನನ್ನ ಹೆಂಡತಿ ತನ್ನ ಒಡವೆ ಮಾರಿ ಬಂದ ಇಷ್ಟು ಹಣವನ್ನು ಇಂಥ ದಿನ ಕೊಟ್ಟಿದ್ದಾಳೆ’ ಎಂಬ ಒಂದು ಸಾಲು, ಜೊತೆಗೆ ಒಡವೆ ಅಂಗಡಿಯ ರಸೀದಿ, ಬ್ಯಾಂಕಿನ ಎಂಟ್ರಿ. ಹತ್ತು ಪುಟದ ಕರಾರಿಗಿಂತ ಇದು ಗಟ್ಟಿ.

ಒಡವೆಯ ಮಾತು ಬಂತಲ್ಲ, ನಮ್ಮದೇ ನಾಡಿನ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ವಿಜ್ಞಾನೇಶ್ವರ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ಮಿತಾಕ್ಷರ ಬರೆದವರು. ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರಕ್ಕೆ ಬರೆದ ವ್ಯಾಖ್ಯಾನ ಅದು. ಇಡೀ ದೇಶದ ದೊಡ್ಡ ಭಾಗಕ್ಕೆ ಹಿಂದೂ ಕಾನೂನು ಎಂದು ನಡೆದದ್ದು ಆ ಪುಸ್ತಕವೇ. ಸ್ತ್ರೀಧನ ಎಂದರೆ ಮದುವೆಯಲ್ಲಿ ಕೊಟ್ಟದ್ದು ಮಾತ್ರ ಅಲ್ಲ, ಅವಳಿಗೆ ವಾರಸಾಗಿ ಬಂದದ್ದು, ಅವಳು ಕೊಂಡದ್ದು, ಪಾಲಿನಲ್ಲಿ ಬಂದದ್ದು ಎಲ್ಲ ಸ್ತ್ರೀಧನವೇ ಎಂದು ಅವರು ಅರ್ಥ ಹೇಳಿದರು. ಒಂಬೈನೂರು ವರ್ಷದ ಹಿಂದೆ! ಬ್ರಿಟಿಷ್ ಕಾಲದ ಕೋರ್ಟುಗಳು ಆ ವಿಶಾಲ ಅರ್ಥವನ್ನು ಒಪ್ಪಲಿಲ್ಲ. ಗಂಡನಿಂದ ವಾರಸಾಗಿ ಬಂದದ್ದರಲ್ಲಿ ವಿಧವೆಗೆ ಬದುಕಿರುವ ತನಕದ ಹಕ್ಕು ಮಾತ್ರ ಉಳಿಯಿತು. ಮೈಸೂರು ಸಂಸ್ಥಾನ 1933ರಲ್ಲಿ ಹೆಣ್ಣುಮಕ್ಕಳ ಹಕ್ಕಿಗೆ ಒಂದು ಕಾಯ್ದೆ ಮಾಡಿತು, ಆದರೆ ನಾವು ಇಲ್ಲಿ ಬಾಂಬೆ ಪ್ರಾಂತ್ಯದಲ್ಲಿದ್ದೆವು. ದೇಶಕ್ಕೆಲ್ಲ ಪೂರ್ಣ ಹಕ್ಕು ಬಂದದ್ದು 1956ರ ಹಿಂದೂ ವಾರಸಾ ಕಾಯ್ದೆಯ 14ನೇ ಸೆಕ್ಷನ್ನಿನಿಂದ.

ಯಾಜ್ಞವಲ್ಕ್ಯನ ಒಂದು ಶ್ಲೋಕ ನನಗೆ ಇಷ್ಟ. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ ಇಂಥ ಕಷ್ಟದಲ್ಲಿ ಗಂಡ ಹೆಂಡತಿಯ ಸ್ತ್ರೀಧನ ತೆಗೆದುಕೊಂಡರೆ ವಾಪಸ್ ಕೊಡಬೇಕಾಗಿಲ್ಲ ಎನ್ನುತ್ತದೆ. ಅಂದರೆ ಬೇರೆ ಕಾರಣಕ್ಕೆ ತೆಗೆದುಕೊಂಡರೆ ವಾಪಸ್ ಕೊಡಬೇಕು. ಟ್ರ್ಯಾಕ್ಟರ್ ಕಂತಿಗೆ, ತಂಗಿಯ ಮದುವೆಗೆ, ಬೋರ್‌ವೆಲ್ಲಿಗೆ ಒಯ್ದ ಬಂಗಾರ ಸಾಲವೇ. 1985ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು. ಸ್ತ್ರೀಧನ ಹೆಂಡತಿಯದು, ಅದು ಗಂಡನ ಮನೆಯಲ್ಲಿದ್ದರೆ ಅವರು ಕಾಯುವವರು ಮಾತ್ರ. 2024ರಲ್ಲೂ ಅದನ್ನೇ ಹೇಳಿದೆ, ಅದು ಗಂಡ ಹೆಂಡತಿಯ ಜಂಟಿ ಆಸ್ತಿಯಲ್ಲ ಎಂದು.

‘ಮದುವೆಯ ನಂತರದ ಕರಾರು’ ಎನ್ನುವುದು ಅಮೆರಿಕದಿಂದ ಬಂದ ಹೊಸ ಫ್ಯಾಶನ್ ಎಂದು ಕೆಲವರು ತಿಳಿದಿದ್ದಾರೆ. ಅಲ್ಲ. 1869ರ ವಿಚ್ಛೇದನ ಕಾಯ್ದೆ, ನಮ್ಮ ಕ್ರೈಸ್ತರಿಗೆ ಇವತ್ತಿಗೂ ನಡೆಯುವ ಕಾಯ್ದೆ, ಅದರ 40ನೇ ಸೆಕ್ಷನ್ನಿನಲ್ಲಿ ಈ ಮಾತು ಇದೆ. ಮದುವೆಗೆ ಮೊದಲು ಅಥವಾ ಮದುವೆಯ ನಂತರ ಗಂಡ ಹೆಂಡತಿಗಾಗಿ ಮಾಡಿದ ಆಸ್ತಿ ವ್ಯವಸ್ಥೆ ಇದೆಯೇ ಎಂದು ಕೋರ್ಟು ವಿಚಾರಿಸಬಹುದು, ಆ ಆಸ್ತಿಯ ಬಗ್ಗೆ ಆದೇಶ ಮಾಡಬಹುದು. ಮುಸಲ್ಮಾನರಲ್ಲಿ ನಿಕಾಹ್ ಎಂಬುದೇ ಕರಾರು. ಮೆಹರ್ ಎಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪುವ ಹಣ; ಮದುವೆಯಾದ ಮೇಲೂ ಗಂಡ ಅದರ ಮೊತ್ತ ಹೆಚ್ಚಿಸಬಹುದು. ಮೆಹರಿಗೆ ಬದಲಾಗಿ ಮನೆಯನ್ನೇ ಬರೆದುಕೊಡಬಹುದು. ಹಿಂದೂ ಕುಟುಂಬಗಳಿಗೆ ಮಾತ್ರ ಇಂಥ ಸಿದ್ಧ ದಾರಿ ಇಲ್ಲ. ಕರಾರು ಕಾಯ್ದೆ, ಆಸ್ತಿ ಹಸ್ತಾಂತರ ಕಾಯ್ದೆ, ನೋಂದಣಿ ಕಾಯ್ದೆ ಇವನ್ನೇ ಹಿಡಿದು ದಾರಿ ಮಾಡಿಕೊಳ್ಳಬೇಕು.

ನಮ್ಮ ಪಕ್ಕದಲ್ಲೇ ಇನ್ನೊಂದು ಲೋಕ ಇದೆ. ಕಾರವಾರ ಕಳೆದು ಮಾಜಾಳಿ ದಾಟಿದರೆ ಗೋವಾ. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮದುವೆಯಾದ ಕೂಡಲೇ ಇಬ್ಬರ ಆಸ್ತಿಯೂ ಒಂದಾಗುತ್ತದೆ. ಮೊದಲೇ ಇದ್ದದ್ದು, ಆಮೇಲೆ ಬಂದದ್ದು, ಎಲ್ಲದರಲ್ಲೂ ಅರ್ಧರ್ಧ. ಮನೆ ಮಾರಬೇಕೆಂದರೆ ಇಬ್ಬರೂ ಸಹಿ ಹಾಕಬೇಕು. ಬೇಡ ಎನ್ನುವವರು ಮದುವೆಗೆ ಮೊದಲೇ ಕರಾರು ಮಾಡಿಕೊಳ್ಳಬೇಕು. ಮದುವೆಯಾದ ಮೇಲೆ ಬದಲಾಯಿಸುವ ಹಾಗಿಲ್ಲ. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಒತ್ತಡ ಹಾಕಿ ಬರೆಸಿಕೊಳ್ಳಬಾರದು ಎನ್ನುವ ಎಚ್ಚರ ಅದರಲ್ಲಿದೆ ಎಂದು ನಾನು ತಿಳಿಯುತ್ತೇನೆ. ಗೋವಾ ಹುಡುಗನಿಗೆ ಮಗಳನ್ನು ಕೊಡುವ, ಗೋವಾ ಹುಡುಗಿಯನ್ನು ತರುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅವರು ಮದುವೆಗೆ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಈಗ ಯಾವುದು ನಿಲ್ಲುವುದಿಲ್ಲ ಎನ್ನುವುದನ್ನು ಹೇಳಿಬಿಡುತ್ತೇನೆ.

‘ನಾಳೆ ಬೇರೆಯಾದರೆ ಜೀವನಾಂಶ ಕೇಳುವುದಿಲ್ಲ’ ಎಂದು ಹೆಂಡತಿಯಿಂದ ಬರೆಸಿಕೊಳ್ಳುವುದು. ಇದು ನಿಲ್ಲುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ಕೇಸು 2013ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದೇ ಸಲ 8,000 ರೂಪಾಯಿ ಕೊಡುವುದು, ಹೆಂಡತಿ ಮುಂದೆ ಏನೂ ಕೇಳಬಾರದು ಎಂದು ಕೋರ್ಟಿನ ಮುಂದೆಯೇ ರಾಜಿಯಾಗಿತ್ತು. ವರ್ಷಗಳಾದ ಮೇಲೆ ಹೆಂಡತಿ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮತ್ತೆ ಕೇಳಿದಳು. ಆ ರಾಜಿ ಇದಕ್ಕೆ ಅಡ್ಡಿಯಲ್ಲ ಎಂದಿತು ಸುಪ್ರೀಂ ಕೋರ್ಟು. ಎಂಟು ಸಾವಿರದಲ್ಲಿ ಒಬ್ಬರ ಇಡೀ ಬದುಕು ನಡೆಯುತ್ತದೆಯೇ? ಆ ತೀರ್ಪು ನನಗೆ ಪೂರ್ತಿ ಸರಿ ಎನಿಸುತ್ತದೆ.

ಮಕ್ಕಳು ಯಾರ ಹತ್ತಿರ ಇರಬೇಕು ಎಂದು ಮೊದಲೇ ಬರೆದುಕೊಳ್ಳುವುದೂ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಮಗುವಿನ ಹಿತವನ್ನು ಕೋರ್ಟು ಆ ಹೊತ್ತಿಗೆ ನೋಡುತ್ತದೆ. ‘ನೀನು ಮನೆ ಬಿಟ್ಟು ಹೋದರೆ ಆಸ್ತಿಯೆಲ್ಲ ನನಗೆ’ ಎಂಬಂಥ ಷರತ್ತುಗಳೂ ಹಾಗೆಯೇ. ಸಂಸಾರ ಒಡೆಯಲು ಆಸೆ ಹುಟ್ಟಿಸುವ ಕರಾರನ್ನು ಸಾರ್ವಜನಿಕ ನೀತಿಗೆ ವಿರುದ್ಧ ಎನ್ನುತ್ತದೆ ಕರಾರು ಕಾಯ್ದೆಯ 23ನೇ ಸೆಕ್ಷನ್.

ಪಿತ್ರಾರ್ಜಿತದ ವಿಷಯದಲ್ಲಿ ನಮ್ಮ ತೋಟದವರು ತುಂಬ ತಪ್ಪು ಮಾಡುತ್ತಾರೆ. ಹಿಸೆ, ಅಂದರೆ ಆಸ್ತಿ ಪಾಲು ಮಾಡಿಕೊಳ್ಳುವುದು, ಆಗಿರುವುದಿಲ್ಲ. ಅಣ್ಣ, ತಮ್ಮ, ಈಗ ಅಕ್ಕ ತಂಗಿಯರೂ ಪಾಲುದಾರರು. ಆದರೂ ‘ತೋಟದಲ್ಲಿ ನನ್ನ ಪಾಲು ನಿನಗೆ’ ಎಂದು ಹೆಂಡತಿಗೆ ದಾನ ಬರೆಯುತ್ತಾರೆ. ಒಟ್ಟು ಕುಟುಂಬದ ಹಿಸೆಯಾಗದ ಪಾಲನ್ನು ಉಳಿದವರ ಒಪ್ಪಿಗೆ ಇಲ್ಲದೆ ದಾನ ಕೊಡಲು ಬರುವುದಿಲ್ಲ. ಮೊದಲು ಹಿಸೆ, ಆಮೇಲೆ ದಾನ. ಇನ್ನು ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಭೂಮಿಯಾದರೆ 1978ರ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಹೆಂಡತಿಗೂ ದಾನ ಕೊಡುವ ಹಾಗಿಲ್ಲ. ಉಯಿಲು ಬರೆಯಬಹುದು.

ಸಾಲ ಕುತ್ತಿಗೆಗೆ ಬಂದಾಗ ಆಸ್ತಿಯನ್ನು ಹೆಂಡತಿ ಹೆಸರಿಗೆ ಮಾಡುವವರಿಗೂ ಒಂದು ಮಾತು. ಸಾಲ ಕೊಟ್ಟವರ ಕೈಗೆ ಸಿಗದಂತೆ ತಪ್ಪಿಸಲು ಬರೆದದ್ದು ಎಂದು ಕಂಡರೆ ಅವರು ಅದನ್ನು ರದ್ದು ಮಾಡಿಸಬಹುದು. ಆಮೇಲೆ ಹೆಂಡತಿಯೂ ಕೋರ್ಟು ಅಲೆಯಬೇಕಾಗುತ್ತದೆ. ಅವಳನ್ನು ಅದರಲ್ಲಿ ಸಿಕ್ಕಿಸಬೇಡಿ.

ಹಾಗಾದರೆ ನಿಲ್ಲುವುದು ಯಾವುದು? ನನ್ನ ಅನುಭವದಲ್ಲಿ ನಿಂತದ್ದೆಲ್ಲ ‘ಮುಂದೆ ಕೊಡುತ್ತೇನೆ’ ಎನ್ನುವ ಕಾಗದ ಅಲ್ಲ, ‘ಇವತ್ತು ಕೊಟ್ಟಿದ್ದೇನೆ’ ಎನ್ನುವ ಕಾಗದ.

ಹೊಸದಾಗಿ ಕೊಳ್ಳುವುದಾದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಹಾಕಿಸಿ. ಹಾಕಿಸುವುದಷ್ಟೇ ಅಲ್ಲ, ಯಾರದು ಎಷ್ಟು ಪಾಲು ಎಂದೂ ಬರೆಸಿ. ಬರೆಸದಿದ್ದರೆ, ಯಾರು ಎಷ್ಟು ಹಣ ಹಾಕಿದರು ಎನ್ನುವುದಕ್ಕೆ ಸಾಕ್ಷಿ ಇದ್ದಲ್ಲಿ ಆ ಪ್ರಕಾರ, ಇಲ್ಲದಿದ್ದಲ್ಲಿ ಸಮಪಾಲು ಎಂದು ಹಸ್ತಾಂತರ ಕಾಯ್ದೆಯ 45ನೇ ಸೆಕ್ಷನ್ ಹೇಳುತ್ತದೆ. ಮೊದಲೇ ಕೊಂಡದ್ದಾದರೆ ದಾನಪತ್ರ. ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಇಬ್ಬರು ಸಾಕ್ಷಿ ಸಹಿ ಹಾಕಬೇಕು. ನಮ್ಮ ರಾಜ್ಯದಲ್ಲಿ ಗಂಡ ಹೆಂಡತಿ ನಡುವಿನ ದಾನಕ್ಕೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ ಲೆಕ್ಕದ ಮುದ್ರಾಂಕ ಶುಲ್ಕ ಇಲ್ಲ, ನಿಗದಿಯಾದ ಸಣ್ಣ ಮೊತ್ತ ಅಷ್ಟೇ. ಖರ್ಚಿಗೆ ಹೆದರಿ ನೋಟರಿ ಕಾಗದಕ್ಕೆ ಹೋಗುವವರಿಗೆ ಇದು ಗೊತ್ತಿರುವುದಿಲ್ಲ. ನೋಂದಣಿ ಆದ ಮೇಲೆ ಖಾತಾ, ಪಹಣಿಯಲ್ಲೂ ಹೆಸರು ಬದಲಾಯಿಸಿ.

ದಾನದ ಬಗ್ಗೆ ಒಂದು ಎಚ್ಚರಿಕೆ. ಒಮ್ಮೆ ಕೊಟ್ಟರೆ ಕೊಟ್ಟ ಹಾಗೆಯೇ. ಆಮೇಲೆ ಮನಸ್ಸು ಕೆಟ್ಟಿತು ಎಂದು ವಾಪಸ್ ಕೇಳಲಾಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಬ್ಬರ ಹೆಸರಿಗೆ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅರ್ಧ ಪಾಲು ಕೊಟ್ಟು ಇಬ್ಬರೂ ಮಾಲೀಕರಾಗಿರುವುದು ಒಳ್ಳೆಯದು. ಆಗ ಮಾರಲು ಇಬ್ಬರ ಸಹಿ ಬೇಕು. ಹೆಂಡತಿಗೆ ಬಾಡಿಗೆ ಬರುವ ಮನೆ ದಾನ ಕೊಟ್ಟರೆ ಬಾಡಿಗೆಯನ್ನು ತೆರಿಗೆಯವರು ಗಂಡನ ಲೆಕ್ಕಕ್ಕೇ ಸೇರಿಸುತ್ತಾರೆ ಎನ್ನುವುದೂ ತಿಳಿದಿರಲಿ. ಬೇರೆ ಇರಲು ಮಾಡಿಕೊಂಡ ಒಪ್ಪಂದದ ಪ್ರಕಾರ ಕೊಟ್ಟದ್ದಾದರೆ ಮಾತ್ರ ಸೇರಿಸುವುದಿಲ್ಲ.

ಇನ್ನೊಂದು, ಯಾರೂ ಅಷ್ಟಾಗಿ ಬಳಸದ ದಾರಿ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ. ಗಂಡ ತನ್ನ ಜೀವವಿಮೆ ಮಾಡಿಸುವಾಗಲೇ ಈ ಕಾಯ್ದೆಯ ಕೆಳಗೆ ಹೆಂಡತಿ, ಮಕ್ಕಳ ಹಿತಕ್ಕೆ ಎಂದು ಬರೆದರೆ ಆ ಹಣ ಅವರಿಗಾಗಿ ಇಟ್ಟ ಟ್ರಸ್ಟ್ ಆಗುತ್ತದೆ. ಗಂಡನಿಗೆ ಸಾಲ ಕೊಟ್ಟವರಿಗೆ ಅದು ಸಿಗುವುದಿಲ್ಲ. ವ್ಯಾಪಾರ ಮಾಡುವವರು, ಜಾಮೀನು ನಿಂತವರು ಇದನ್ನು ಖಂಡಿತ ಕೇಳಿ. ಫಾರಂ ಒಂದೇ ಪುಟ.

ಬೇರೆಯಾಗುವುದರ ಬಗ್ಗೆಯೇ ಯಾಕೆ ಯೋಚಿಸಬೇಕು? ಸಾವಿನ ಬಗ್ಗೆ ಯೋಚಿಸಿ. ಮದುವೆಯಾಗಿ ಮೂರು ತಿಂಗಳಲ್ಲಿ ಗಂಡ ಹಾವು ಕಚ್ಚಿ ತೀರಿಕೊಂಡ ಒಬ್ಬ ಹೆಣ್ಣುಮಗಳ ಕೇಸಿದೆ. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು. ನೌಕರಿ ಮಾಡಿ ಹಣ ಉಳಿಸಿದಳು. ಉಯಿಲು ಬರೆಯದೆ ತೀರಿಕೊಂಡಳು. ಅವಳು ಸ್ವಂತ ಗಳಿಸಿದ ಹಣ ಯಾರಿಗೆ ಹೋಯಿತು? ಹೊರಗೆ ಹಾಕಿದ ಗಂಡನ ಮನೆಯವರಿಗೆ. 2009ರಲ್ಲಿ ಸುಪ್ರೀಂ ಕೋರ್ಟು, ವಾರಸಾ ಕಾಯ್ದೆಯ 15ನೇ ಸೆಕ್ಷನ್ ಹಾಗೇ ಇದೆ, ಕನಿಕರದಿಂದ ಕಾನೂನು ಬದಲಾಗದು ಎಂದು ತೀರ್ಪು ಕೊಟ್ಟಿತು. ಈ ಕೇಸನ್ನು ಪ್ರತಿ ಸಲ ಹೇಳುವಾಗಲೂ ನನಗೆ ಸಂಕಟವಾಗುತ್ತದೆ. ಅವಳಿಗೆ ಯಾರಾದರೂ ಒಂದು ಹಾಳೆಯ ಉಯಿಲು ಬರೆಸಿದ್ದರೆ? ಅದಕ್ಕೇ ನಾನು ಯಾವ ದಂಪತಿ ಬಂದರೂ ಎರಡು ಉಯಿಲಿನ ಮಾತು ಮೊದಲು ಎತ್ತುತ್ತೇನೆ. ಅವರದೊಂದು, ಇವರದೊಂದು.

ಕಳೆದ ವರ್ಷ ಒಂದು ಜೋಡಿ ಬಂದಿತ್ತು. ಅವರಿಗೆ ಐವತ್ತೆಂಟು, ಆಕೆಗೆ ಐವತ್ತೆರಡು. ಇಬ್ಬರಿಗೂ ಎರಡನೇ ಮದುವೆ, ಇಬ್ಬರಿಗೂ ಮೊದಲಿನ ಮಕ್ಕಳು. ಆರು ತಿಂಗಳ ಹಿಂದೆ ಮದುವೆಯಾಗಿದ್ದರು. ಅವರಿಗೆ ಇದ್ದ ಚಿಂತೆ, ತಾನು ಹೋದ ಮೇಲೆ ಮಕ್ಕಳು ಈಕೆಯನ್ನು ಮನೆಯಿಂದ ಕಳಿಸಬಾರದು. ಆಕೆಗೆ ಇದ್ದ ಚಿಂತೆ, ಅವರ ಮಕ್ಕಳ ಪಾಲನ್ನು ತಾನು ನುಂಗಿದೆ ಎನ್ನುವ ಮಾತು ಬರಬಾರದು. ಇಬ್ಬರೂ ಇನ್ನೊಬ್ಬರ ಪರವಾಗಿ ಮಾತಾಡುತ್ತಿದ್ದರು. ಇಂಥವರ ಕಾಗದ ಬರೆಯುವುದು ನನ್ನ ಕೆಲಸದಲ್ಲೇ ಅತ್ಯಂತ ಸಂತೋಷದ ಭಾಗ. ಮನೆಯಲ್ಲಿ ಆಕೆಗೆ ಬದುಕಿರುವ ತನಕ ವಾಸದ ಹಕ್ಕು, ಆಮೇಲೆ ಮಕ್ಕಳಿಗೆ ಎಂದು ನಿಶ್ಚಯವಾಯಿತು. ಆದರೆ ಪದಗಳನ್ನು ತೂಗಿ ಬರೆಯಬೇಕಾಯಿತು. ಜೀವನಾಂಶಕ್ಕೆ ಬದಲಾಗಿ ಹೆಂಡತಿಗೆ ಕೊಟ್ಟ ಸೀಮಿತ ಹಕ್ಕು ಪೂರ್ಣ ಹಕ್ಕಾಗುತ್ತದೆ ಎಂದು 1977ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆ ಜೋಡಿಗೆ ಅದನ್ನು ವಿವರಿಸಿದೆ. ಆಕೆಯ ಜೀವನಾಂಶಕ್ಕೆ ಬೇರೆ ಡಿಪಾಸಿಟ್ ಇಟ್ಟರು. ನಾಲ್ಕೂ ಮಕ್ಕಳನ್ನು ಕರೆಸಿ, ಓದಿ ಹೇಳಿ, ಆಮೇಲೆ ಸಹಿ ಹಾಕಿದರು. ನಾನು ಹೇಳಿದ್ದಲ್ಲ, ಅದು ಅವರದೇ ಯೋಚನೆ.

ಹೊರದೇಶದಲ್ಲಿ ಮಕ್ಕಳಿರುವವರು ಇಲ್ಲಿ ಬಹಳ ಜನ ಇದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವಾಗ ಮದುವೆಯ ನಂತರ ಗಳಿಸಿದ್ದು ಇಬ್ಬರದು. ಆಸ್ತಿ ಎಲ್ಲಿದ್ದರೂ, ಬೆಂಗಳೂರಿನ ಫ್ಲ್ಯಾಟ್ ಆದರೂ. ಅಪ್ಪನಿಂದ ವಾರಸಾಗಿ ಬಂದ ತೋಟ ಮಾತ್ರ ಯಾರಿಗೆ ಬಂತೋ ಅವರದೇ. ಅಲ್ಲಿ ಮದುವೆಯ ನಂತರದ ಕರಾರು ಮಾಡಬಹುದು. ಆದರೆ ಗಂಡ ಹೆಂಡತಿ ಪರಸ್ಪರ ನಂಬಿಕೆಗೆ ಬದ್ಧರು ಎಂದು ಅಲ್ಲಿನ ಕಾನೂನು ಎಣಿಸುತ್ತದೆ. ಕರಾರಿನಿಂದ ಒಬ್ಬರಿಗೇ ಲಾಭವಾದರೆ, ಒತ್ತಡದಿಂದ ಬರೆಸಿದ್ದಲ್ಲ ಎಂದು ಆ ಲಾಭ ಪಡೆದವರೇ ತೋರಿಸಬೇಕು. ಈ ನಿಯಮ ನಮ್ಮಲ್ಲೂ ಬರಬೇಕು ಎಂದು ನನಗೆ ಬಹಳ ಆಸೆ. ಈಗ ನಮ್ಮಲ್ಲಿ ಒತ್ತಡ ಇತ್ತು ಎಂದು ತೋರಿಸುವ ಭಾರ ಸಾಮಾನ್ಯವಾಗಿ ಬರೆದುಕೊಟ್ಟವರ ಮೇಲೆಯೇ ಬೀಳುತ್ತದೆ. ಅದಕ್ಕೇ ಇಬ್ಬರಿಗೂ ಬೇರೆ ಬೇರೆ ವಕೀಲರಿರಲಿ ಎನ್ನುತ್ತೇನೆ. ನನ್ನ ಹತ್ತಿರ ಇಬ್ಬರೂ ಬಂದರೆ ಒಬ್ಬರನ್ನು ಬೇರೆಯವರ ಹತ್ತಿರ ಓದಿಸಿಕೊಂಡು ಬನ್ನಿ ಎಂದು ಕಳಿಸುತ್ತೇನೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. “ತಂಗೀ, ನೀ ಹೇಳೋದು ಸರಿ. ಆದ್ರೆ ಗಂಡ ಹೆಂಡತಿ ಮಧ್ಯೆ ಕಾಗದ ಬಂದ್ರೆ ನಂಬಿಕೆ ಹೋಗೋದಿಲ್ವಾ?”

ನಾನು ಕೇಳಿದೆ, “ನಿಮ್ಮ ಅಣ್ಣತಮ್ಮಂದಿರ ಹಿಸೆ ಆಗಿದೆಯೇ ರಾಯರೇ?” ಆ ಪತ್ರ ರಿಜಿಸ್ಟರ್ ಆಗಿತ್ತಂತೆ, ಇಪ್ಪತ್ತು ವರ್ಷದ ಹಿಂದೆ. ಈಗಲೂ ಹಬ್ಬಕ್ಕೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರಂತೆ. ಅವರು ಸ್ವಲ್ಪ ಯೋಚಿಸಿ, “ಹೌದು, ಹಿಸೆ ಬರೆದ ಮೇಲೆಯೇ ಜಗಳ ನಿಂತದ್ದು” ಎಂದರು.

ನಾಮಿನಿ ಮಾಡಿಸಿದ್ದರೆ ಸಾಲದೇ ಎಂದು ಒಬ್ಬರು ಕೇಳಿದರು. ಸಾಲದು. ಬ್ಯಾಂಕಿನಲ್ಲಿ, ಶೇರಿನಲ್ಲಿ ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವರು. ಅದು ವಾರಸುದಾರರಿಗೆ ಸೇರಿದ ಹಣ. ಮಗ ಉಯಿಲು ಬರೆಯದೆ ಹೋದರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು ಇದೆ ಎನ್ನುವುದೂ ಅಲ್ಲಿದ್ದ ಹಲವರಿಗೆ ಹೊಸ ಸುದ್ದಿಯಾಗಿತ್ತು.

ಕೊನೆಗೆ ಎದ್ದವಳು ಒಬ್ಬ ಹುಡುಗಿ. ಬೆಂಗಳೂರಿನಲ್ಲಿ ಕೆಲಸ, ಮನೆಯಿಂದಲೇ ಕೆಲಸ ಮಾಡಲು ಊರಿಗೆ ಬಂದಿದ್ದಳು. “ಮೇಡಂ, ಫ್ಲ್ಯಾಟ್ ಇರೋದು ಅವರ ಹೆಸರಲ್ಲಿ. ಲೋನಿನ ಕಂತು ಅವರ ಸಂಬಳದಿಂದ ಹೋಗುತ್ತೆ. ಮನೆ ಖರ್ಚು, ಮಗು ಸ್ಕೂಲ್ ಫೀಸು, ಕೆಲಸದವರ ಸಂಬಳ ಎಲ್ಲ ನನ್ನದರಿಂದ. ನಮ್ಮ ಮಧ್ಯೆ ಏನೂ ಜಗಳ ಇಲ್ಲ. ನಾನು ಏನಾದ್ರೂ ಮಾಡಬೇಕಾ?”

ಮಾಡಬೇಕು ಎಂದೆ. ಜಗಳ ಇಲ್ಲದಿರುವುದರಿಂದಲೇ ಈಗ ಮಾಡಬೇಕು. ಅವಳು ಖರ್ಚು ನಡೆಸಿದ್ದಕ್ಕೇ ಅವನಿಗೆ ಕಂತು ಕಟ್ಟಲು ಆಗುತ್ತಿದೆ, ಆದರೆ ಬ್ಯಾಂಕಿನ ದಾಖಲೆಯಲ್ಲಿ ಕಾಣುವುದು ಅವನ ಕಂತು ಮಾತ್ರ. ತರಕಾರಿ ಅಂಗಡಿಯ ಚೀಟಿಯನ್ನು ಯಾರೂ ಇಪ್ಪತ್ತು ವರ್ಷ ಇಟ್ಟುಕೊಳ್ಳುವುದಿಲ್ಲ. ಮುಂದಿನ ತಿಂಗಳಿನಿಂದ ಕಂತಿನ ಅರ್ಧ ನಿನ್ನ ಖಾತೆಯಿಂದ ಹೋಗಲಿ, ಮನೆ ಖರ್ಚಿನ ಅರ್ಧ ಅವರ ಖಾತೆಯಿಂದ ಬರಲಿ ಎಂದೆ. ತಿಂಗಳ ಕೊನೆಗೆ ಇಬ್ಬರ ಕೈಯಲ್ಲೂ ಉಳಿಯುವುದು ಹೆಚ್ಚು ಕಡಿಮೆ ಅಷ್ಟೇ. ಇಲ್ಲಿಯವರೆಗಿನ ವರ್ಷಗಳಿಗೆ ಅರ್ಧ ಪಾಲಿನ ದಾನಪತ್ರ. ಫ್ಲ್ಯಾಟ್ ಬ್ಯಾಂಕಿಗೆ ಅಡಮಾನ ಇರುವುದರಿಂದ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು.

ಅವಳು ಫೋನ್ ತೆಗೆದು ಬರೆದುಕೊಂಡಳು. ಆಮೇಲೆ ಅದನ್ನು ಗಂಡನಿಗೆ ಕಳಿಸಿದಳು. ನಾವೆಲ್ಲ ಹೊರಗೆ ಚಹಾ ಕುಡಿಯುತ್ತಿದ್ದಾಗ ಬಂದು ಉತ್ತರ ತೋರಿಸಿದಳು. ‘ಒಪ್ಪಿಗೆ ಪತ್ರಕ್ಕೆ ಯಾವ ಬ್ರ್ಯಾಂಚಿಗೆ ಹೋಗಬೇಕು ಅಂತ ಕೇಳ್ಕೊಂಡು ಬಾ.’ ಲೋನು ಎಲ್ಲಿ ತೆಗೆದಿರೋ ಅಲ್ಲಿಗೇ, ಎಂದೆ.